ಹರೆಯದ ಹಾಡಿಗೆ ಧಾಟಿ

(ಹೇಮಾವತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಹೇಮಾವತಿ ಎಂದರೆ ಹಳೆಯ ಹೆಂಜೇರು; ಈ ನೆಲದಲ್ಲಿ ನಿಂತು ಮಾತಾಡಲು ಬಂದವನಿಂದ ಜನ ನೊಳಂಬರ ಕಥೆಯನ್ನು ಬಯಸುವುದು ಸಹಜ. ಸಿದ್ದೇಶ್ವರನ ಗುಡಿ ಇಲ್ಲೇ ಇದೆ, ದೊಡ್ಡೇಶ್ವರನ ಗುಡಿ ಇಲ್ಲೇ ಇದೆ, ಕನ್ನಡ ಶಾಸನಗಳು ಇಲ್ಲೇ ಇವೆ. ಆ ವಿಷಯವನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ವಿದ್ವಾಂಸರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಬೇರೆ ವಿಷಯ ಎತ್ತಿಕೊಂಡಿದ್ದೇನೆ: ಹರೆಯದ ಹಂಬಲವನ್ನು ಹೇಳುವ ಕವಿತೆಗೆ ಧಾಟಿ ಕಟ್ಟುವ ಕೆಲಸ. ದತ್ತಿ ಉಪನ್ಯಾಸಕ್ಕೆ ಇದು ಹಗುರವಾಯಿತು ಎಂದು ಯಾರಿಗಾದರೂ ಅನ್ನಿಸಿದರೆ, ಸ್ವಲ್ಪ ಹೊತ್ತು ತಾಳಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ.

ಗಡಿಯಲ್ಲಿ ಕನ್ನಡದ ಮಾತು ಬಂದಾಗಲೆಲ್ಲ ಶಾಲೆ, ಪಠ್ಯಪುಸ್ತಕ, ನೌಕರಿ, ಬೋರ್ಡು ಇವೇ ಮುಂದೆ ಬರುತ್ತವೆ. ಬರಬೇಕಾದದ್ದೇ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ ಆ ಜಿಲ್ಲೆಯಿಂದ ಕಳಚಿ ಅನಂತಪುರಕ್ಕೆ ಬಂತು. ಈ ಊರಿರುವ ಮಡಕಶಿರಾ ಸೀಮೆ ಆಂಧ್ರದಲ್ಲೇ ಉಳಿಯಿತು. 2022ರಲ್ಲಿ ಜಿಲ್ಲೆಗಳನ್ನು ಮತ್ತೆ ಒಡೆದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗೆರೆ ಎಷ್ಟು ಸಲ ಬದಲಾದರೂ ಇಲ್ಲಿನ ಮದುವೆ ಮನೆಯ ಸೋಬಾನೆ ಪದ ಕನ್ನಡದ್ದೇ. ಆದರೆ ಸೋಬಾನೆ ಹಾಡುವವರು ಅಜ್ಜಿಯರು. ಹದಿನೇಳು ಹದಿನೆಂಟರ ಹುಡುಗನೋ ಹುಡುಗಿಯೋ ಯಾರದೋ ನೆನಪಿನಲ್ಲಿ ಒಂಟಿಯಾಗಿ ಗುನುಗುವಾಗ ಬಾಯಿಗೆ ಯಾವ ಭಾಷೆ ಬರುತ್ತದೆ? ಬಹುಪಾಲು ತೆಲುಗು ಸಿನಿಮಾದ ಭಾಷೆ. ತೆಲುಗಿನ ಮೇಲೆ ನನಗೆ ದೂರಿಲ್ಲ. ಗಾಯಕ ಘಂಟಸಾಲರ ದನಿ ಕೇಳಿಕೊಂಡು ಬೆಳೆದ ಸೀಮೆ ಇದು, ಆ ದನಿಗೆ ಕೈ ಮುಗಿಯುತ್ತೇನೆ. ನನ್ನ ಚಿಂತೆ ಬೇರೆ. ಹರೆಯದ ಒಳಮಾತಿಗೆ ಕನ್ನಡದಲ್ಲಿ ಕವಿತೆ ಇದೆ, ಅದೂ ಬಹಳ ಒಳ್ಳೆಯ ಕವಿತೆ. ಅದು ಈ ಮಕ್ಕಳ ಬಾಯಿಗೆ ಬಂದಿಲ್ಲ. ಬರಬೇಕಾದರೆ ಧಾಟಿ ಬೇಕು.

ಕನ್ನಡದಲ್ಲಿ ಹಾಡು ಮತ್ತು ಕಾವ್ಯ ಬೇರೆ ಬೇರೆ ಮನೆ ಮಾಡಿದ್ದು ತೀರಾ ಈಚೆಗೆ. ಒಂಬತ್ತನೇ ಶತಮಾನದಲ್ಲಿ, ಈ ಊರು ನೊಳಂಬರ ರಾಜಧಾನಿಯಾಗಿ ತಲೆಯೆತ್ತುತ್ತಿದ್ದ ಕಾಲದಲ್ಲಿ, ‘ಕವಿರಾಜಮಾರ್ಗ’ ಬೆದಂಡೆ, ಚತ್ತಾಣ ಎಂಬ ಎರಡು ಕಾವ್ಯಪ್ರಕಾರಗಳನ್ನು ಹೆಸರಿಸುತ್ತದೆ. ಆಮೇಲೆ ಬಂದ ಎರಡನೆಯ ನಾಗವರ್ಮ ‘ಕಾವ್ಯಾವಲೋಕನ’ದಲ್ಲಿ ಮೆಲ್ವಾಡು, ಪಾಡು, ಪಾಡುಗಬ್ಬ, ಬಾಜನೆಗಬ್ಬ ಎಂದು ಹಾಡಿನ ಜಾತಿಗಳನ್ನೇ ಎಣಿಸಿ ಹೇಳುತ್ತಾನೆ. ಹಾಡಿನ ಇಷ್ಟು ಬಗೆಗಳಿಗೆ ಹೆಸರಿದ್ದ ನಾಡಿನಲ್ಲಿ ಹರೆಯದವರು ಬಾಯಿ ಮುಚ್ಚಿಕೊಂಡು ಕೂತಿರಲಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಹಾಡಿನ ಊರೊಂದಕ್ಕೆ ಇಲ್ಲಿಂದ ಸಾಗಿದ ವಸ್ತುವನ್ನೂ ನೆನೆಯಬೇಕು. ಚೋಳರು ನೊಳಂಬವಾಡಿಯನ್ನು ಗೆದ್ದು ಕೊಂಡೊಯ್ದ ನೊಳಂಬ ಕೆತ್ತನೆಯ ಕಂಬಗಳು ತಂಜಾವೂರಿನ ಹತ್ತಿರದ ತಿರುವೈಯಾರಿನ ಗುಡಿಯಲ್ಲಿರುವುದನ್ನು ಕಲಾ ಇತಿಹಾಸಕಾರರು ಗುರುತಿಸಿದ್ದಾರೆ. ತಿರುವೈಯಾರು ಎಂದರೆ ತ್ಯಾಗರಾಜರ ಊರು. ತ್ಯಾಗರಾಜರು ಹಾಡುತ್ತಾ ಓಡಾಡಿದ ಊರಿನ ಗುಡಿಯಲ್ಲಿ ಈ ಸೀಮೆಯ ಕಲ್ಲುಕುಟಿಗರ ಕೈಕೆಲಸ ನಿಂತಿತ್ತು ಎಂಬುದು ನನಗೆ ತುಂಬ ಪ್ರಿಯವಾದ ಸಂಗತಿ.

ಆದರೆ ಇವತ್ತಿನ ನನ್ನ ವಿಷಯಕ್ಕೆ ನಿಜವಾದ ಗುರು ಹಳೆಯ ಅನಂತಪುರ ಜಿಲ್ಲೆಯಲ್ಲೇ ಹುಟ್ಟಿದ ಒಬ್ಬರು. ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು. 1893ರಲ್ಲಿ ಕಲ್ಯಾಣದುರ್ಗ ಸೀಮೆಯ ರಾಳ್ಳಪಲ್ಲಿಯಲ್ಲಿ ಹುಟ್ಟಿದರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಹುಕಾಲ ತೆಲುಗು ಕಲಿಸಿದರು. ತೆಲುಗು ಅವರ ವೃತ್ತಿ, ಸಂಸ್ಕೃತ ಪ್ರಾಕೃತಗಳು ಅವರ ವಿದ್ವತ್ತು. ಆದರೆ ‘ಗಾನಕಲೆ’ ಎಂಬ ಪುಸ್ತಕವನ್ನು ಅವರು ಬರೆದದ್ದು ಕನ್ನಡದಲ್ಲಿ. 1974ರಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. 1979ರಲ್ಲಿ ತೀರಿಕೊಂಡರು. ಎರಡು ಭಾಷೆಯ ನಡುವೆ ಹುಟ್ಟಿದವರು ಎರಡಕ್ಕೂ ಅರೆಬರೆಯಾಗಬೇಕಿಲ್ಲ, ಎರಡಕ್ಕೂ ಪೂರ್ತಿ ಸಲ್ಲಬಹುದು ಎಂಬುದಕ್ಕೆ ಇವರಿಗಿಂತ ದೊಡ್ಡ ಸಾಕ್ಷಿ ಈ ಸೀಮೆಗೆ ಬೇಕಿಲ್ಲ. ನಮ್ಮ ಶಾಲೆಗಳಲ್ಲಿ ಇವರ ಒಂದು ಪಟವಾದರೂ ಇರಬೇಕು.

ಶರ್ಮರು ಮಾಡಿದ ಕೆಲಸ ಏನು? ಮೈಸೂರಿನ ನೌಕರಿ ಮುಗಿಸಿ ಅವರು ತಿರುಪತಿಗೆ ಹೋದರು. ಅಲ್ಲಿ ತಾಳ್ಳಪಾಕದ ಅನ್ನಮಾಚಾರ್ಯರ ಸಂಕೀರ್ತನೆಗಳ ತಾಮ್ರಪಟಗಳಿದ್ದವು. ತಿರುಮಲೆಯ ಗುಡಿಯ ಸಂಕೀರ್ತನ ಭಂಡಾರದಲ್ಲಿ ಶತಮಾನಗಳ ಕಾಲ ಇದ್ದು ಕಳೆದ ಶತಮಾನದಲ್ಲಿ ಬೆಳಕಿಗೆ ಬಂದ ಪಟಗಳು. ಅನ್ನಮಾಚಾರ್ಯರ ಕಾಲ 1408ರಿಂದ 1503. ಅವರ ಹಾಡುಗಳಲ್ಲಿ ಅಧ್ಯಾತ್ಮ ಒಂದು ಪಾಲು, ಶೃಂಗಾರ ಇನ್ನೊಂದು ಪಾಲು. ಹೆಚ್ಚಿನದು ಶೃಂಗಾರದ ಪಾಲೇ. ಪ್ರತಿ ಹಾಡಿನ ಮೇಲೂ ರಾಗದ ಹೆಸರು ಕೊರೆದಿದೆ. ಧಾಟಿ ಮಾತ್ರ ಇಲ್ಲ. ಎಲ್ಲಿ ಏರಬೇಕು, ಎಲ್ಲಿ ನಿಲ್ಲಬೇಕು, ಯಾವ ಅಕ್ಷರದ ಮೇಲೆ ತಾಳ ಬೀಳಬೇಕು ಎಂಬುದು ಹಾಡುವವರ ಗಂಟಲಿನಲ್ಲಿತ್ತು, ಆ ಗಂಟಲುಗಳ ಜೊತೆಗೇ ಹೋಯಿತು. ಶರ್ಮರು ಇಂಥ ನೂರಕ್ಕೂ ಹೆಚ್ಚು ಹಾಡುಗಳಿಗೆ ಧಾಟಿ ಕಟ್ಟಿ, ಸ್ವರ ಹಾಕಿ ಅಚ್ಚು ಮಾಡಿಸಿದರು. ಇವತ್ತು ಕಚೇರಿಗಳಲ್ಲಿ ಅನ್ನಮಾಚಾರ್ಯರು ಕೇಳಿಸುತ್ತಿದ್ದರೆ ಅದರ ಹಿಂದೆ ಈ ಕೆಲಸವಿದೆ.

ಶೃಂಗಾರದ ಹಾಡಿಗೆ ಧಾಟಿ ಕಟ್ಟುವಾಗ ಶರ್ಮರಿಗೆ ಒಂದು ಹಿನ್ನೆಲೆ ಇತ್ತು. ಅವರು ಅದಕ್ಕೂ ಬಹಳ ಮುಂಚೆಯೇ ಹಾಲನ ‘ಗಾಥಾಸಪ್ತಶತಿ’ಯ ಗಾಥೆಗಳನ್ನು ಪ್ರಾಕೃತದಿಂದ ತೆಲುಗಿಗೆ ತಂದಿದ್ದರು. ಆ ಗಾಥೆಗಳನ್ನು ಓದಿದವರಿಗೆ ಗೊತ್ತು: ಅಲ್ಲಿ ಹಂಬಲಿಸುವ ಹುಡುಗಿ ನೇರವಾಗಿ ತನ್ನ ಮಾತನ್ನು ಹೇಳುವುದು ಕಡಿಮೆ. ಗೆಳತಿ ಹೇಳುತ್ತಾಳೆ, ಅತ್ತೆಯ ಕಿವಿಗೆ ಬೀಳುವಂತೆ ಬೇರೇನನ್ನೋ ಹೇಳುತ್ತಾಳೆ, ದಾರಿಹೋಕನಿಗೆ ಹಾಸಿಗೆಯ ಜಾಗ ತೋರಿಸುವ ನೆಪದಲ್ಲಿ ಹೇಳುತ್ತಾಳೆ. ಅನ್ನಮಾಚಾರ್ಯರ ಶೃಂಗಾರದಲ್ಲೂ ಹಾಗೆಯೇ. ಎಷ್ಟೋ ಹಾಡುಗಳಲ್ಲಿ ಮಾತಾಡುವವಳು ಸಖಿ. ಹಾಗಾಗಿ ಧಾಟಿ ಕಟ್ಟುವವನು ಮೊದಲು ಕೇಳಬೇಕಾದ ಪ್ರಶ್ನೆ ರಾಗ ಯಾವುದು ಎಂದಲ್ಲ. ಇದು ಯಾರ ಬಾಯಿಯ ಮಾತು ಎಂದು. ಹಂಬಲ ಒಬ್ಬರದು, ಬಾಯಿ ಇನ್ನೊಬ್ಬರದು ಆಗಿರುವ ಕವಿತೆಗೆ ಹಂಬಲಿಸುವವರ ಧಾಟಿ ಹಾಕಿದರೆ ಕವಿತೆಯೇ ಬದಲಾಗಿಹೋಗುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದಿಷ್ಟೇ. ಉಳಿದದ್ದೆಲ್ಲ ಇದರ ವಿಸ್ತಾರ.

ಕನ್ನಡಕ್ಕೆ ಬರೋಣ. ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಮಂಡ್ಯ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದರು. ‘ಮೈಸೂರು ಮಲ್ಲಿಗೆ’ ಹೊರಬಂದದ್ದು 1942ರಲ್ಲಿ. ಕವಿಗೆ ಆಗ ಇಪ್ಪತ್ತೇಳು ವರ್ಷ. ದೇಶ ಚಳವಳಿಯಲ್ಲಿ, ಜಗತ್ತು ಯುದ್ಧದಲ್ಲಿ ಇದ್ದ ವರ್ಷ ಅದು. ಆ ವರ್ಷ ಒಬ್ಬ ತರುಣ ತನ್ನ ಎಳೆಯ ದಾಂಪತ್ಯದ ಬಗ್ಗೆ, ಮಾವನ ಮನೆಯ ಬಗ್ಗೆ, ತವರಿಗೆ ಹೋದ ಹೆಂಡತಿಯ ಬಗ್ಗೆ ಬರೆದ. ಹಂಬಲವನ್ನು ಅವನು ಎಲ್ಲೂ ಕೂಗಿ ಹೇಳಲಿಲ್ಲ. ಅದನ್ನು ಹೆಚ್ಚಾಗಿ ಮನೆಯವರ ಮಾತಿನಲ್ಲಿ, ಊರಿನ ಹೆಸರುಗಳಲ್ಲಿ, ದಿನದ ಸಾಮಾನುಗಳಲ್ಲಿ ಇಟ್ಟ.

ಆ ಸಂಕಲನದ ಬಳೆಗಾರನ ಪದ್ಯವನ್ನು ನೀವೆಲ್ಲ ಕೇಳಿದ್ದೀರಿ. ಚೆನ್ನಯ್ಯ ಎಂಬ ಬಳೆಗಾರ ಮನೆಯ ಬಾಗಿಲಿಗೆ ಬರುತ್ತಾನೆ. ಅವನು ಬಂದದ್ದು ಬಳೆ ತೊಡಿಸಲಿಕ್ಕಲ್ಲ, ಮನೆಯಾಕೆ ತವರಿನಲ್ಲಿದ್ದಾಳೆ. ಅಲ್ಲಿಂದ ಗಂಡನಿಗೆ ಒಂದು ಮಾತು ತಂದಿದ್ದಾನೆ. ಪದ್ಯದಲ್ಲಿ ಬಳೆಗಾರನ ದನಿಯೇ ದನಿ. ಹಂಬಲಿಸುವ ಇಬ್ಬರಲ್ಲಿ ಒಬ್ಬಳು ದೂರದೂರಿನಲ್ಲಿ, ಇನ್ನೊಬ್ಬ ಎದುರಿಗೆ ಸುಮ್ಮನೆ ನಿಂತಿದ್ದಾನೆ. ಇಬ್ಬರ ನಡುವೆ ಹೆಗಲ ಮೇಲೆ ಮಲಾರ ಹೊತ್ತ ಒಬ್ಬ ವ್ಯಾಪಾರಿ. ಅವನಿಗೆ ಇನ್ನೂ ಹತ್ತು ಬಾಗಿಲು ಇವೆ, ಹೊತ್ತು ಮುಳುಗುವುದರೊಳಗೆ ಮುಂದಿನ ಊರು ಸೇರಬೇಕು. ಅವನ ಮಾತಿನಲ್ಲಿ ಗೌರವ ಇದೆ, ಸಲಿಗೆ ಇದೆ, ಕೆಲಸದ ಅವಸರವೂ ಇದೆ.

ಈ ಪದ್ಯಕ್ಕೆ ಧಾಟಿ ಕಟ್ಟುವವನ ಮುಂದೆ ಇರುವ ಆಯ್ಕೆಗಳನ್ನು ನೋಡಿ. ಪದ್ಯ ಐದು ಮಾತ್ರೆಯ ಗಣಗಳಲ್ಲಿದೆ. ಖಂಡಛಾಪಿಗೆ ನೇರವಾಗಿ ಕೂರುತ್ತದೆ, ತಬಲದವರ ಲೆಕ್ಕದಲ್ಲಿ ಝಪತಾಳ. ಎರಡು ಮೂರು, ಎರಡು ಮೂರು ಎಂದು ಹೋಗುವ ಈ ನಡೆ ಹೆಗಲಿನ ಒಂದು ಕಡೆ ಭಾರ ಹೊತ್ತವನ ನಡೆ. ಹೀಗೆ ಕಟ್ಟಿದರೆ ಬಳೆಗಾರ ಕಣ್ಣಿಗೆ ಕಾಣುತ್ತಾನೆ. ಎರಡನೆಯ ದಾರಿ, ಪ್ರತಿ ಗಣದ ಕೊನೆಗೆ ಒಂದು ಮಾತ್ರೆ ಎಳೆದು ಆರು ಮಾಡುವುದು. ಆಗ ದಾದ್ರಾಕ್ಕೆ ಬರುತ್ತದೆ. ಹಾಡಲು ಸುಲಭ, ಕೇಳಲು ಹಿತ, ಆದರೆ ಪದ್ಯ ತೊಟ್ಟಿಲ ತೂಗಿನಂತಾಗುತ್ತದೆ. ಮೂರನೆಯದು ಎಂಟಕ್ಕೆ ಹಿಗ್ಗಿಸಿ ಕೆಹರವಾದಲ್ಲಿ ಕೂರಿಸುವುದು. ಅಲ್ಲಿ ಗಣಗಣಕ್ಕೂ ಮೂರು ಮಾತ್ರೆ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಕ್ಕೆ ಕೊಳಲು, ಸಿತಾರ್, ಕೀಬೋರ್ಡ್ ಬಂದು ಕೂರುತ್ತವೆ. ಬಳೆಗಾರ ತನ್ನ ಮಾತು ಮುಗಿಸಲು ವಾದ್ಯದವರ ಅಪ್ಪಣೆಗೆ ಕಾಯಬೇಕಾಗುತ್ತದೆ.

ಎಳೆಯುವುದರಲ್ಲಿ ಇನ್ನೊಂದು ಅಪಾಯ ಇದೆ. ಕನ್ನಡದಲ್ಲಿ ಹ್ರಸ್ವ ದೀರ್ಘದ ಮೇಲೆ ಅರ್ಥ ನಿಂತಿದೆ. ಬಳೆಯ ಮೊದಲಕ್ಷರವನ್ನು ರಾಗಕ್ಕಾಗಿ ಎಳೆದರೆ ಬಾಳೆಯಾಗುತ್ತದೆ. ಶಾಸ್ತ್ರೀಯ ಸಂಗೀತದಲ್ಲಿ ಕೇಳುಗರು ಇದನ್ನು ಕ್ಷಮಿಸಿಬಿಡುತ್ತಾರೆ, ಏಕೆಂದರೆ ಅಲ್ಲಿ ರಾಗ ದೊಡ್ಡದು. ಭಾವಗೀತೆಯಲ್ಲಿ ಮಾತು ದೊಡ್ಡದು. ಒಳ್ಳೆಯ ಸಂಯೋಜಕ ಎಳೆಯುವುದನ್ನೆಲ್ಲ ಗುರು ಅಕ್ಷರದ ಮೇಲೆ, ಪಾದದ ಕೊನೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಮಾತಿನ ನಡುವೆ ಕೈ ಹಾಕುವುದಿಲ್ಲ.

ಸಂಚಾರಿ ಬಳೆಗಾರರು ಬೀದಿಯಲ್ಲಿ ಕೂಗುವುದನ್ನು ಕೇಳಿದವರು ಇಲ್ಲಿ ಇನ್ನೂ ಇದ್ದೀರಿ. ಕೂಗಿನ ಮೊದಲರ್ಧ ಮೇಲೇರುತ್ತದೆ, ಎರಡನೆಯ ಅರ್ಧ ಮನೆಯೊಳಗೆ ಇಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪದ್ಯದ ಎತ್ತುಗಡೆ ಆ ಕೂಗಿನಿಂದ ಹುಟ್ಟಬೇಕು. ಆಗ ವಿರಹ ಎಲ್ಲಿ ಹೋಯಿತು ಎಂದು ಕೇಳಬಹುದು. ವಿರಹ ಅವನ ದನಿಯಲ್ಲಿ ಇರಕೂಡದು. ಅವನ ದನಿ ಸಹಜವಾಗಿ ಇದ್ದಷ್ಟೂ, ಎದುರು ನಿಂತು ಕೇಳುತ್ತಿರುವ ಗಂಡನ ಎದೆಯಲ್ಲಿ ಏನಾಗುತ್ತಿದೆ ಎಂದು ನಮಗೆ ಕೇಳಿಸುತ್ತದೆ. ದೊಡ್ಡೇಶ್ವರನ ಗುಡಿಯ ಗೋಡೆಯಲ್ಲಿ ಕೊರೆದ ಜಾಲಂಧ್ರಗಳನ್ನು ನೀವು ದಿನವೂ ನೋಡುತ್ತೀರಿ. ಒಳಗೆ ಬೆಳಕು ಬರುವುದು ಶಿಲ್ಪಿ ತೆಗೆದುಹಾಕಿದ ಕಲ್ಲಿನ ಜಾಗದಿಂದ. ಹಂಬಲದ ಕವಿತೆಯ ಧಾಟಿಯೂ ಹಾಗೆ ಜಾಗ ಬಿಡಬೇಕು.

ದೂರದ ಒಂದು ಉದಾಹರಣೆ ಹೇಳುತ್ತೇನೆ. ಜರ್ಮನಿಯ ಮಹಾಕವಿ ಗಯಟೆಯ ‘ಫೌಸ್ಟ್’ ನಾಟಕದಲ್ಲಿ ಗ್ರೆಚೆನ್ ಎಂಬ ಹುಡುಗಿ ರಾಟೆಯ ಮುಂದೆ ಕೂತು ನೂಲುತ್ತಾ ತನ್ನವನನ್ನು ನೆನೆಯುವ ಹಾಡಿದೆ. ವಿಯೆನ್ನಾದ ಫ್ರಾನ್ಸ್ ಶೂಬರ್ಟ್ 1814ರ ಅಕ್ಟೋಬರಿನಲ್ಲಿ ಅದಕ್ಕೆ ಸಂಗೀತ ಕಟ್ಟಿದ. ಅವನಿಗೆ ಆಗ ಹದಿನೇಳು ವರ್ಷ. ಪಿಯಾನೋದಲ್ಲಿ ಒಂದು ಕೈ ರಾಟೆಯ ಚಕ್ರವಾಗಿ ಸುತ್ತುತ್ತಲೇ ಇರುತ್ತದೆ, ಇನ್ನೊಂದು ಕೈ ಕಾಲ್ಮಣೆಯ ತುಳಿತವನ್ನು ಹಿಡಿದಿರುತ್ತದೆ. ಹುಡುಗಿಯ ದನಿ ಅದರ ಮೇಲೆ ಹೋಗುತ್ತದೆ. ನೆನಪು ಒಂದೊಂದಾಗಿ ಏರಿ, ಅವನ ಮುತ್ತಿನ ನೆನಪು ಬಂದಲ್ಲಿ ರಾಟೆ ನಿಂತುಹೋಗುತ್ತದೆ. ಪಿಯಾನೋ ಮೌನ. ಆಮೇಲೆ ಚಕ್ರ ಮತ್ತೆ ಸುತ್ತಲು ನೋಡುತ್ತದೆ, ತಡವರಿಸುತ್ತದೆ, ಮತ್ತೆ ತಡವರಿಸಿ ಕೊನೆಗೆ ಸುತ್ತಿಗೆ ಬೀಳುತ್ತದೆ. ಹುಡುಗಿಯ ಮನಸ್ಸಿನಲ್ಲಿ ಆದದ್ದನ್ನು ಹಾಡುವವಳು ಹೇಳುವುದಿಲ್ಲ, ರಾಟೆ ಹೇಳುತ್ತದೆ. ಹದಿನೇಳರ ಹುಡುಗನಿಗೆ ಇದು ಹೊಳೆಯಿತಲ್ಲ! ನಮ್ಮ ಬಳೆಗಾರನ ಹೆಗಲ ಭಾರ ಮಾಡಬೇಕಾದ ಕೆಲಸ ಅಲ್ಲಿ ರಾಟೆ ಮಾಡಿದೆ.

ಆ ಕಥೆಯ ಮುಂದಿನ ಭಾಗವೂ ನಮಗೆ ಬೇಕಾದದ್ದೇ. 1816ರಲ್ಲಿ ಶೂಬರ್ಟನ ಗೆಳೆಯನೊಬ್ಬ ಇದೂ ಸೇರಿದಂತೆ ಅವನ ಹಾಡುಗಳನ್ನು ಗಯಟೆಗೆ ಕಳಿಸಿದ. ಮಾತೊಂದಿಲ್ಲದೆ ಹಾಡುಗಳು ಹಿಂದಿರುಗಿದವು. ಗಯಟೆಗೆ ಇಷ್ಟವಾಗುತ್ತಿದ್ದದ್ದು ಎಲ್ಲ ನುಡಿಗೂ ಒಂದೇ ಧಾಟಿ ಇಟ್ಟು ಮಾತನ್ನು ಮುಂದೆ ಬಿಡುವ ಸರಳ ಸಂಯೋಜನೆ. ಸಂಗೀತ ತನ್ನ ಕಡೆಯಿಂದ ಅರ್ಥ ಸೇರಿಸುವುದು ಕವಿಗೆ ಒಪ್ಪಿಗೆ ಇರಲಿಲ್ಲ. ಕವಿಯ ಸಂಕಟ ನನಗೆ ಅರ್ಥವಾಗುತ್ತದೆ. ಕನ್ನಡದಲ್ಲೂ ಈ ಎರಡು ಪಂಥ ಇವೆ: ಎಲ್ಲ ನುಡಿಗೂ ಒಂದೇ ಮಟ್ಟು ಎಂಬುವರು ಒಂದು ಕಡೆ, ಪಲ್ಲವಿ ಬೇರೆ, ಚರಣ ಬೇರೆ, ಕೊನೆಯ ಚರಣ ಇನ್ನೂ ಬೇರೆ ಎಂಬುವರು ಒಂದು ಕಡೆ. ನನ್ನ ಒಲವು ಒಂದೇ ಮಟ್ಟಿನ ಕಡೆಗಿದೆ. ಜನ ಹಾಡುವುದು ಅದನ್ನೇ. ಸೋಬಾನೆಯಲ್ಲಿ, ಕೋಲಾಟದಲ್ಲಿ ಮಟ್ಟು ಒಂದೇ ಇದ್ದು ಮಾತು ಬದಲಾಗುತ್ತಾ ಹೋಗುತ್ತದೆ. ಕೇಳುಗರ ಕಿವಿ ಮಾತಿಗೆ ಬಿಡುವಾಗುತ್ತದೆ. ಆದರೆ ಶೂಬರ್ಟನಂಥವನು ಬಂದಾಗ ನಿಯಮ ಪಕ್ಕಕ್ಕೆ ಇಡಬೇಕು.

ದ.ರಾ. ಬೇಂದ್ರೆಯವರ ವಿಷಯದಲ್ಲಿ ತೊಡಕು ಬೇರೆ ಥರದ್ದು. ಅವರ ಕವಿತೆ ಹುಟ್ಟುವಾಗಲೇ ಲಯ ಹಿಡಿದು ಹುಟ್ಟುತ್ತದೆ. ಧಾರವಾಡದ ಆಡುಮಾತಿನ ಏರಿಳಿತ ಅದರೊಳಗೇ ಇದೆ. ಅಲ್ಲಿ ಸಂಯೋಜಕ ಹೊಸದಾಗಿ ಮಾಡಬೇಕಾದದ್ದು ಕಡಿಮೆ, ಕೆಡಿಸದೆ ಇರಬೇಕಾದದ್ದು ಹೆಚ್ಚು.

ಕನ್ನಡ ಭಾವಗೀತೆಯನ್ನು ಊರೂರಿಗೆ ಹೊತ್ತು ತಿರುಗಿದವರಲ್ಲಿ ಮೊದಲಿಗರು ಪಿ. ಕಾಳಿಂಗರಾಯರು (1914–1981). ಆರೂರಿನ ಅವರು ಮೋಹನಕುಮಾರಿ, ಸೋಹನಕುಮಾರಿಯರ ಜೊತೆ ಸೇರಿ ಹಾಡಿ, ಪುಸ್ತಕದಲ್ಲಿದ್ದ ನವೋದಯದ ಕವಿತೆಯನ್ನು ಸಭೆಗೆ ತಂದರು. ಆಮೇಲೆ ಮೈಸೂರು ಅನಂತಸ್ವಾಮಿ (1936–1995), ಸಿ. ಅಶ್ವತ್ಥ್ (1939–2009). 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಕ್ಯಾಸೆಟ್ ಆಗಿ ಬಂತು. ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅದು. ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಸಭೆಯಿಂದ ಕೋಣೆಯೊಳಕ್ಕೆ ಬಂತು. ಹರೆಯದವರಿಗೆ ಇದು ಸಣ್ಣ ಬದಲಾವಣೆಯಲ್ಲ. ಸಭೆಯಲ್ಲಿ ಅಪ್ಪ ಅಮ್ಮನ ಪಕ್ಕ ಕೂತು ಕೇಳುವ ಪ್ರೇಮಗೀತೆಯೇ ಬೇರೆ, ಟೇಪ್‌ರೆಕಾರ್ಡರ್ ಮುಂದೆ ಒಬ್ಬರೇ ಕೂತು, ರಿವೈಂಡ್ ಮಾಡಿ, ಮತ್ತೆ ಕೇಳುವ ಪ್ರೇಮಗೀತೆಯೇ ಬೇರೆ.

‘ಮೈಸೂರು ಮಲ್ಲಿಗೆ’ಯ ಕವಿತೆಗಳನ್ನೇ ಇಟ್ಟುಕೊಂಡು ಟಿ.ಎಸ್. ನಾಗಾಭರಣರು ‘ಮೈಸೂರ ಮಲ್ಲಿಗೆ’ ಎಂಬ ಚಿತ್ರ ಮಾಡಿದರು. ಸಂಗೀತ ಅಶ್ವತ್ಥ್ ಅವರದು. ಗೀತರಚನೆಗೆ ರಾಷ್ಟ್ರಪ್ರಶಸ್ತಿ ನರಸಿಂಹಸ್ವಾಮಿಯವರಿಗೆ ಬಂತು. ಪುಸ್ತಕ ಹೊರಬಂದು ಅರ್ಧ ಶತಮಾನ ಆಗುತ್ತ ಬಂದಿತ್ತು. ಇಪ್ಪತ್ತರ ಹರೆಯದಲ್ಲಿ ಬರೆದ ಕವಿತೆಗೆ ಎಪ್ಪತ್ತು ದಾಟಿದ ಮೇಲೆ ಸಿನಿಮಾ ಹಾಡಿನ ಪ್ರಶಸ್ತಿ! ಕವಿತೆ ಬದಲಾಗಿರಲಿಲ್ಲ. ನಡುವೆ ಬಂದು ಸೇರಿದ್ದು ಧಾಟಿ.

ಅನಂತಸ್ವಾಮಿಯವರ ಧಾಟಿಯ ಬಗ್ಗೆ ಇನ್ನೊಂದು ಮಾತು. ಕುವೆಂಪು ಅವರ ನಾಡಗೀತೆಯನ್ನು ಅವರ ಧಾಟಿಯಲ್ಲೇ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ಹಾಡಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶ ಮಾಡಿತು. ನಾಡಗೀತೆಗೆ ಹಾಗೆ ಒಂದು ಧಾಟಿ ನಿಲ್ಲಿಸುವುದು ಅಗತ್ಯ, ಎಲ್ಲರೂ ಒಟ್ಟಿಗೆ ಹಾಡಬೇಕಾದದ್ದು ಅದು. ಹಂಬಲದ ಹಾಡನ್ನು ಒಬ್ಬರೇ ಹಾಡುತ್ತಾರೆ. ಅದಕ್ಕೆ ಆದೇಶ ಇಲ್ಲ, ಇರಲೂಬಾರದು. ಒಂದು ತಲೆಮಾರಿನ ಧಾಟಿ ಮುಂದಿನ ತಲೆಮಾರಿಗೆ ಒಗ್ಗದೆ ಹೋದರೆ ಅದು ಹಿರಿಯರಿಗೆ ಮಾಡಿದ ಅವಮಾನವಲ್ಲ. ಶರ್ಮರ ಮುಂದೆ ಹಳೆಯ ಧಾಟಿ ಕಳೆದುಹೋಗಿತ್ತು, ಅವರು ಹೊಸದು ಕಟ್ಟಿದರು. ನಮ್ಮ ಮುಂದೆ ಹಳೆಯದು ಗಟ್ಟಿಯಾಗಿ ಉಳಿದಿದೆ, ಆದ್ದರಿಂದ ಹೊಸದು ಕಟ್ಟಲು ಕೈ ಏಳುವುದಿಲ್ಲ. ಇವತ್ತಿನ ಸುಗಮ ಸಂಗೀತದ ವೇದಿಕೆಯಲ್ಲಿ ಮತ್ತೆ ಮತ್ತೆ ಕೇಳುವುದು ಅದೇ ಕೆಲವು ಹಾಡುಗಳು, ಅದೇ ಧಾಟಿ, ಅದೇ ಮುರ್ಕಿ. ಟ್ರ್ಯಾಕ್ ಹಾಕಿಕೊಂಡು ಹಾಡುವುದು ರೂಢಿಯಾದ ಮೇಲೆ ಗಾಯಕ ಉಸಿರು ತೆಗೆದುಕೊಳ್ಳುವ ಜಾಗವೂ ಮೊದಲೇ ಗೊತ್ತಾಗಿಬಿಟ್ಟಿದೆ. ಮೌನಕ್ಕೆ ಅಲ್ಲಿ ಎಡೆ ಇಲ್ಲ. ರಾಟೆ ನಿಲ್ಲಬೇಕಾದ ಕಡೆ ರಿದಮ್ ಪ್ಯಾಡ್ ಓಡುತ್ತಲೇ ಇರುತ್ತದೆ. ಎಲ್ಲ ಹಂಬಲವೂ ಒಂದೇ ಸಿಹಿ ದುಃಖವಾಗಿ, ಬಳೆಗಾರನೂ ಗಂಡನೂ ಹೆಂಡತಿಯೂ ಗೆಳತಿಯೂ ಒಂದೇ ದನಿಯಲ್ಲಿ ನರಳುತ್ತಾರೆ. ಇದು ನನಗೆ ನಿಜವಾದ ನೋವಿನ ಸಂಗತಿ.

ನಮಗೆ ಹೊಸ ಧಾಟಿಯ ಸಾಮಗ್ರಿ ಬೇಕಾದರೆ ಬೆಂಗಳೂರಿನ ಸ್ಟುಡಿಯೋಗೆ ಹೋಗಬೇಕಿಲ್ಲ. ಪಕ್ಕದ ಸಿರಾ ಸೀಮೆಯಲ್ಲಿ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುತ್ತಾರೆ, ಗಣೆ ಊದುತ್ತಾರೆ. ಆಳೆತ್ತರದ ಆ ಬಿದಿರ ಕೊಳಲಿನ ದನಿ ಕಚೇರಿಯ ಕೊಳಲಿನಂತೆ ನಯವಾದದ್ದಲ್ಲ, ಉಸಿರು ಅದರಲ್ಲಿ ಕೇಳಿಸುತ್ತದೆ. ದೂರದಲ್ಲಿರುವವರನ್ನು ಕರೆಯುವ ಹಾಡಿಗೆ ಗಣೆಯ ಎರಡು ಸ್ವರ ಸಾಕು. ಇಲ್ಲಿನ ಅಜ್ಜಿಯರ ಸೋಬಾನೆಯಲ್ಲಿ ಹೆಣ್ಣನ್ನು ಕಳಿಸಿಕೊಡುವಾಗ ಹಾಡುವ ಮಟ್ಟುಗಳಿವೆ. ತವರಿನ ಹಂಬಲಕ್ಕೆ ಅದಕ್ಕಿಂತ ಸರಿಯಾದ ಮಟ್ಟು ಯಾವ ರಾಗಮಾಲಿಕೆಯಲ್ಲಿ ಸಿಗುತ್ತದೆ? ಬಳೆಗಾರ ಸುದ್ದಿ ತಂದ ಊರಿನ ಹೆಣ್ಣುಮಕ್ಕಳು ಹಾಡುತ್ತಿದ್ದದ್ದು ಇಂಥವನ್ನೇ ಇರಬೇಕು.

ಇಲ್ಲಿ ಕನ್ನಡ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಪದ್ಯ ಕಲಿಸುವಾಗ ಮೊಬೈಲಿನಲ್ಲಿ ಸಿದ್ಧ ಧಾಟಿಯನ್ನು ಕೇಳಿಸುವ ಮುಂಚೆ, ಮಕ್ಕಳಿಗೆ ಪದ್ಯವನ್ನು ಗಟ್ಟಿಯಾಗಿ ಓದಿಸಿ. ಗಣ ವಿಭಾಗವನ್ನು ಪರೀಕ್ಷೆಗೆ ಗೆರೆ ಎಳೆಯುವುದಕ್ಕೆ ಮಾತ್ರ ಇಡಬೇಡಿ. ಅಂಗೈ ತಟ್ಟಿಸಿ, ಐದು ಮಾತ್ರೆ ಎಲ್ಲಿ ಬಿತ್ತು, ಮೂರು ಎಲ್ಲಿ ಬಿತ್ತು ಕೇಳಿಸಿ. ಮಾತಾಡುತ್ತಿರುವವರು ಯಾರು, ಎದುರು ನಿಂತವರು ಯಾರು, ಹೊತ್ತು ಎಷ್ಟು ಎಂದು ಕೇಳಿ. ಆಮೇಲೆ ಧಾಟಿ ಕಟ್ಟಲು ಬಿಡಿ. ಮೊದಲು ಸಿನಿಮಾದ ಮಟ್ಟೇ ಬರುತ್ತದೆ, ಬರಲಿ. ತೆಲುಗಿನ ಮಟ್ಟು ಬಂದರೂ ಬರಲಿ. ಶರ್ಮರ ಸೀಮೆಯಲ್ಲಿ ಅದಕ್ಕೆ ಮುಜುಗರಪಡಬೇಕಿಲ್ಲ. ಎರಡನೆಯ ಸಲ, ಮೂರನೆಯ ಸಲ ಅವರದ್ದೇ ಆದದ್ದು ಬರುತ್ತದೆ.

ಹಾಡುವ ತರುಣರಿಗೆ ಎರಡು ಮಾತು. ಆಕಾಶವಾಣಿಯಲ್ಲಿ ಹಾಡಿಗೆ ಮುಂಚೆ ಕವಿಯ ಹೆಸರು, ಸಂಯೋಜಕರ ಹೆಸರು, ಹಾಡುವವರ ಹೆಸರು ಮೂರನ್ನೂ ಹೇಳುವುದು ಪದ್ಧತಿ. ನೀವು ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕುವಾಗಲೂ ಮೂರನ್ನೂ ಹಾಕಿ. ಇನ್ನೊಂದು, ನಮ್ಮ ಕಾನೂನಿನ ಪ್ರಕಾರ ಕವಿ ತೀರಿಕೊಂಡ ಮೇಲೂ 60 ವರ್ಷ ಕೃತಿಯ ಹಕ್ಕು ಅವರ ವಾರಸುದಾರರಿಗೆ ಇರುತ್ತದೆ. ನರಸಿಂಹಸ್ವಾಮಿಯವರು ತೀರಿಕೊಂಡದ್ದು 2003ರಲ್ಲಿ. ಅವರ ಕವಿತೆಗೆ ಹೊಸ ಧಾಟಿ ಕಟ್ಟಿ ಹೊರಗೆ ತರುವುದಾದರೆ ಮನೆಯವರ ಒಪ್ಪಿಗೆ ಕೇಳಿ. ಅದು ಕವಿಗೆ ಸಲ್ಲಿಸುವ ಮರ್ಯಾದೆ.

ಕೊನೆಯದಾಗಿ ಈ ದತ್ತಿಯನ್ನು ಇಟ್ಟವರಲ್ಲಿ, ನಡೆಸುವವರಲ್ಲಿ ನನ್ನ ವಿನಂತಿ. ಮುಂದಿನ ವರ್ಷ ಉಪನ್ಯಾಸಕ್ಕೆ ಅರ್ಧ ಗಂಟೆ ಸಾಕು. ಉಳಿದ ಹೊತ್ತನ್ನು ಅಮರಾಪುರ, ರೊಳ್ಳ, ಗುಡಿಬಂಡೆ, ಮಡಕಶಿರಾ, ರಾಯದುರ್ಗಗಳ ಕನ್ನಡ ಶಾಲೆಗಳ ಮಕ್ಕಳಿಗೆ ಬಿಟ್ಟುಕೊಡಿ. ಶಾಲೆಗೊಂದು ಕವಿತೆ, ಮಕ್ಕಳೇ ಕಟ್ಟಿದ ಧಾಟಿ, ಒಂದು ಹಾರ್ಮೋನಿಯಂ. ದತ್ತಿಯ ಬಡ್ಡಿ ಹಣದಲ್ಲಿ ಆ ಹಾರ್ಮೋನಿಯಂ ಕೊಳ್ಳಿ. ಆ ಹೊತ್ತಿನಲ್ಲಿ ಇಲ್ಲಿನ ಹುಡುಗನೋ ಹುಡುಗಿಯೋ ಬರೆದ ಕವಿತೆಯೊಂದು ಬಂದರೆ, ಮೊದಲು ಅದನ್ನೇ ಹಾಡಿಸಿ.